ದಿಲೀಪನ ಹೆಸರಿಗಾಗದ ಕಾರು

ದಿಲೀಪನ ಕಾರನ್ನು ನಾನು ಫೋನಿನ ಪರದೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಬಿಳಿ ಬಣ್ಣದ ಹಳೆಯ ಕೊರೊಲಾ. ಹಿಂದಿನ ಬಂಪರಿನ ಎಡ ಮೂಲೆಯಲ್ಲಿ ಬಣ್ಣ ಕಿತ್ತುಹೋದ ಒಂದು ಗೀರು. ಅದು ಒಮಾನ್ ದೇಶದ ಸೊಹಾರ್ ಎಂಬ ಊರಿನಲ್ಲಿ, ಜಪ್ತಿಯಾದ ಗಾಡಿಗಳನ್ನು ನಿಲ್ಲಿಸುವ ಬಯಲಿನಲ್ಲಿ ಈಗಲೂ ನಿಂತಿರಬೇಕು. ದಿಲೀಪನನ್ನು ನಾವು ಕಮಲಾಪುರದ ಹೊರಗೆ ಮಣ್ಣು ಮಾಡಿದ್ದೇವೆ. ಅವನಿಗೆ ಮೂವತ್ತೊಂಬತ್ತು ವರ್ಷವಾಗಿತ್ತು. ಮೇ ಇಪ್ಪತ್ತೇಳರಂದು ಸೊಹಾರಿನ ಒಂದು ಗೋದಾಮಿನ ಮಾಳಿಗೆಯ ಮೇಲೆ ಎಸಿ ದುರಸ್ತಿ ಮಾಡುತ್ತಿದ್ದಾಗ ಬಿಸಿಲಿಗೆ ಕುಸಿದು ಬಿದ್ದು ತೀರಿಕೊಂಡ. ಆ ದಿನ ಅವನು ಆ ಮಾಳಿಗೆಯ ಮೇಲೆ ಇರಬೇಕಾದವನಲ್ಲ. ಯಾಕೆ ಇದ್ದ ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಪರ್ವೇಜ್, ಕಲಬುರಗಿಯ ರೋಜಾ ಬಡಾವಣೆಯವನು. ದಿಲೀಪ ಮತ್ತು ನಾನು ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಫ್ರಿಜ್, ಎಸಿ ರಿಪೇರಿ ಕಲಿಯಲೆಂದು ಇಬ್ಬರೂ ಸೇರಿದ್ದೆವು. ಅವನು ಕಲಿತ, ನಾನು ಕಲಿಯಲಿಲ್ಲ.

"ನಿನ್ನ ಕೈಯಾಗ ಫ್ರಿಜ್ ಕೊಟ್ರ ಅದು ಒಲಿ ಆಗ್ತದಲೇ," ಎನ್ನುತ್ತಿದ್ದ. "ನೀ ಪುಸ್ತಕಾನೇ ಓದು. ಅದರಾಗ ಗ್ಯಾಸ್ ಸೋರಂಗಿಲ್ಲ."

ಅವನ ಮಾತು ಕೇಳಿಯೋ ಏನೋ, ನಾನು ಬಿಎ ಓದಿ, ಬಿಎಡ್ ಮಾಡಿ, ಈಗ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅವನು ಕಮಲಾಪುರದ ಬಸ್ ನಿಲ್ದಾಣದ ಎದುರು ರಿಪೇರಿ ಅಂಗಡಿ ತೆರೆದ. ಊರಿನ ಅರ್ಧ ಫ್ರಿಜ್‌ಗಳ ರೋಗ ಅವನಿಗೆ ಬಾಯಿಪಾಠವಿತ್ತು. ಹಾದಿಯಲ್ಲಿ ಯಾರಾದರೂ ಎದುರಾದರೆ ಮೊದಲು ಅವರ ಫ್ರಿಜ್‌ನ ಆರೋಗ್ಯ ಕೇಳುತ್ತಿದ್ದ, ಆಮೇಲೆ ಅವರದು.

ಅವನಿಗಿದ್ದ ದೊಡ್ಡ ಹುಚ್ಚೆಂದರೆ ಗಾಡಿ ಓಡಿಸುವುದು. ಸ್ವಂತದ ಗಾಡಿ ಇರಲಿಲ್ಲ. ಕೆಂಪು ಬಾಳೆಗೊನೆ ತುಂಬಿದ ಟೆಂಪೋದ ಡ್ರೈವರ್ ಬರದಿದ್ದರೆ ದಿಲೀಪ ಹೋಗುತ್ತಿದ್ದ. ಯಾರದೋ ಮದುವೆ, ಯಾರದೋ ಆಸ್ಪತ್ರೆ, ಯಾರದೋ ಹೆಣ್ಣು ನೋಡುವ ಶಾಸ್ತ್ರ, ಎಲ್ಲದಕ್ಕೂ ಅವನೇ. ಒಮ್ಮೆ ಕಲಬುರಗಿಯ ಒಂದು ಮಂಗಲ ಕಾರ್ಯಾಲಯಕ್ಕೆ ಬೀಗರನ್ನು ಕರೆತಂದಿದ್ದ. ಊಟದ ಹೊತ್ತಿಗೆ ನಾನು ಹುಡುಕಿಕೊಂಡು ಹೋದರೆ ಕಾರಿನ ಒಳಗೆ ಕೂತಿದ್ದ.

"ಒಳಗ ಬಾರೋ," ಎಂದೆ.

"ಡ್ರೈವರ್‌ಗೋಳ ಊಟ ಕಡೀಗದಂತ. ಕಡೀಗೇನು ಉಳೀತದೋ ಅದಕ್ಕ ಕಾಯಾಕತ್ತೀನಿ," ಎಂದು ನಕ್ಕ. ಆಮೇಲೆ ಸ್ಟೀರಿಂಗ್ ಮೇಲೆ ಕೈಯಿಟ್ಟು, "ಒಂದಿನ ನಂದೇ ಗಾಡಿ ತಂದು ಇಲ್ಲೇ ನಿಂದರಸ್ತೀನಿ ನೋಡು. ಅವತ್ತ ನಾ ಮದಲನೇ ಪಂಕ್ತಿ," ಎಂದ.

ಅವನ ಬಾಲ್ಯದ ಬಗ್ಗೆ ಅವನು ನನಗೆ ಹೇಳಿದ್ದು ಒಂದೇ ಸಂಗತಿ. ಹತ್ತು ವರ್ಷದವನಾಗುವ ತನಕ ಅವರ ಮನೆ ಮಹಾಗಾಂವದಲ್ಲಿತ್ತು. ತಂದೆ ದೇವಿಂದ್ರಪ್ಪ ಜಗದೇವಪ್ಪನವರೆಂಬ ದೊಡ್ಡ ಒಕ್ಕಲುತನದವರ ಮನೆಯಲ್ಲಿ ವರ್ಷದ ಆಳು. ಅಲ್ಲಿ ದೇವಿಂದ್ರಪ್ಪನಿಗೆ ಚಹಾ ಕೊಡುವ ಸ್ಟೀಲಿನ ಲೋಟ ದನದ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿರುತ್ತಿತ್ತು. ಕುಡಿದು, ತಾನೇ ತೊಳೆದು, ಅಲ್ಲೇ ಇಡಬೇಕು. ಒಂದು ದಿನ ದಿಲೀಪ ಆ ಲೋಟವನ್ನು ತೊಳೆದು ಮನೆಯೊಳಗಿನ ಕಟ್ಟೆಯ ಮೇಲೆ, ಉಳಿದ ಲೋಟಗಳ ಸಾಲಿನಲ್ಲಿ ಇಟ್ಟುಬಿಟ್ಟ. ಅವನಿಗೆ ಹೊಡೆದದ್ದು ಜಗದೇವಪ್ಪನವರಲ್ಲ. ಅವರು ಏನೂ ಅನ್ನುವ ಮೊದಲೇ ದೇವಿಂದ್ರಪ್ಪನೇ ಮಗನ ಕಪಾಳಕ್ಕೆ ಬಾರಿಸಿದ್ದ. ಮರುವರ್ಷ ಅವರು ಮಹಾಗಾಂವ ಬಿಟ್ಟು ಕಮಲಾಪುರಕ್ಕೆ ಬಂದರು.

ಮೂರು ವರ್ಷದ ಹಿಂದೆ ದಿಲೀಪ ಸೊಹಾರಿಗೆ ಹೋದ, ಕಟ್ಟಡಗಳ ಎಸಿ ನೋಡಿಕೊಳ್ಳುವ ಒಂದು ಕಂಪನಿಯ ಟೆಕ್ನಿಷಿಯನ್ ಆಗಿ. ಒಂದು ಕೋಣೆಯಲ್ಲಿ ಎಂಟು ಜನ. ಬೆಳಗ್ಗೆ ಐದಕ್ಕೆ ಕಂಪನಿಯ ಬಸ್ಸು ಬಂದು ಒಬ್ಬೊಬ್ಬರನ್ನು ಒಂದೊಂದು ಮಾಳಿಗೆಗೆ ಬಿಟ್ಟುಹೋಗುತ್ತಿತ್ತು. ಹೆಂಡತಿ ಸುಜಾತಾ, ಮಗಳು ಪಂಚಶೀಲಾ ಕಮಲಾಪುರದಲ್ಲೇ ಉಳಿದರು. ಟೆಕ್ನಿಷಿಯನ್‌ಗೆ ಬರುವ ಸಂಬಳದಲ್ಲಿ ಕುಟುಂಬದ ವೀಸಾ ಸಿಗುವುದಿಲ್ಲ. ಸೂಪರ್‌ವೈಸರ್ ಆದರೆ ಸಿಗುತ್ತದೆ. ಸೂಪರ್‌ವೈಸರ್ ಆಗಬೇಕಾದರೆ ಆ ದೇಶದ ಲೈಸೆನ್ಸ್ ಇರಬೇಕು, ಕೈಯಲ್ಲಿ ಒಂದು ಕಾರಿರಬೇಕು. ಕೆಲಸ ನಡೆಯುವ ಹತ್ತು ಜಾಗಗಳಿಗೆ ದಿನವೂ ಓಡಾಡಬೇಕಾದವನು ಬಸ್ಸು ಕಾಯುತ್ತ ನಿಲ್ಲಲಾಗದು. ಪೆಟ್ರೋಲು ಕಂಪನಿಯದು, ಕಾರು ಅವನದೇ ಆಗಬೇಕು.

ಹೀಗಾಗಿ ಅವನಿಗೆ ಕಾರೆಂದರೆ ಹೆಂಡತಿ, ಮಗಳು ಎಂದೇ ಆಗಿಹೋಯಿತು. ಇಲ್ಲಿ ಲಾರಿ, ಟೆಂಪೋ, ಟ್ರ್ಯಾಕ್ಟರ್ ಎಲ್ಲ ಓಡಿಸಿದವನು ಅಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ. ಡ್ರಮ್ಮುಗಳನ್ನು ನಿಲ್ಲಿಸಿ ಅವುಗಳ ನಡುವೆ ಕಾರನ್ನು ಹಿಂದಕ್ಕೆ ತರಬೇಕು. ಒಂದು ಡ್ರಮ್ಮಿಗೆ ತಾಗಿದರೂ ಮನೆಗೆ.

"ನಮ್ಮಲ್ಲಿ ಹಿಂಗ ಡ್ರಮ್ ಇಟ್ರ ಮಂದಿ ಎತಗೊಂಡ್ ಹೋಗಿ ನೀರು ತುಂಬ್ತಾರ," ಎಂದು ಫೋನಿನಲ್ಲಿ ಹೇಳಿದ. ಮೂರನೆಯ ಸಲ ಪಾಸಾದ. ಆ ದಿನ ಸುಜಾತಾ ಕಮಲಾಪುರದಲ್ಲಿ ಅಕ್ಕಪಕ್ಕದವರಿಗೆ ಸಕ್ಕರೆ ಹಂಚಿದಳು.

ವಿವೇಕಾನಂದ ಎಂಬವನು ಅವನಿಗೆ ಸಿಕ್ಕಿದ್ದು ಅದೇ ತಿಂಗಳಲ್ಲಿ, ಒಂದು ಕಿರಾಣಿ ಅಂಗಡಿಯಲ್ಲಿ. ಯಾರೋ ಫೋನಿನಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಜೋರಾಗಿ ಬೈಯುವುದು ಕೇಳಿ ದಿಲೀಪ ಹತ್ತಿರ ಹೋಗಿದ್ದ. ಮೂವತ್ತರ ಆಸುಪಾಸಿನ ಹುಡುಗ, ಇನ್ನೊಂದು ಕಂಪನಿಯ ಸ್ಟೋರ್ ನೋಡಿಕೊಳ್ಳುವವನು.

"ಯಾವೂರ್ರಿ?" ಎಂದು ಆ ಹುಡುಗ ಕೇಳಿದ.

"ಕಮಲಾಪುರ. ಹುಟ್ಟಿದ್ದು ಮಹಾಗಾಂವ."

"ಮಹಾಗಾಂವ? ಯಪ್ಪಾ! ನಮ್ಮೂರೇ ರೀ! ಯಾರ ಪೈಕಿ ನೀವು?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಕೊಟ್ಟರೆ ಜಾತಿ ಹೇಳಿದ ಹಾಗೆ. ದಿಲೀಪ ಸ್ವಲ್ಪ ತಡೆದು, "ದೇವಿಂದ್ರಪ್ಪನ ಮಗ ರೀ. ಜಗದೇವಪ್ಪ ಗೌಡ್ರ ಹೊಲದಾಗ ಇದ್ದರಲ್ರೀ," ಎಂದ. ಹುಡುಗ ಫೋನನ್ನು ಜೇಬಿಗಿಟ್ಟು, "ನಾ ಜಗದೇವಪ್ಪರ ಮಗ," ಎಂದ. ಬಳಿಕ ದಿಲೀಪನ ಹೆಗಲ ಮೇಲೆ ಕೈ ಹಾಕಿ, "ಇಲ್ಲಿ ಅದೆಲ್ಲಾ ಏನದ ಅಣ್ಣಾ, ಬಿಡು," ಎಂದ.

ಮುಂದಿನ ಶುಕ್ರವಾರ ವಿವೇಕಾನಂದ ದಿಲೀಪನ ಕೋಣೆಗೆ ಬಂದ. ಊರಿಂದ ತಂದಿದ್ದ ಜೋಳದ ಹಿಟ್ಟಿನಲ್ಲಿ ದಿಲೀಪ ರೊಟ್ಟಿ ಬಡಿದ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಇಟ್ಟ. ಕೋಣೆಯಲ್ಲಿದ್ದ ತಾಟುಗಳು ಸಾಲಲಿಲ್ಲ. ವಿವೇಕಾನಂದ "ಇನ್ನೊಂದು ಯಾಕ?" ಎಂದು ದಿಲೀಪನ ತಾಟಿಗೇ ಕೈ ಹಾಕಿದ. ಅಂದು ದಿಲೀಪ ನನಗೆ ಫೋನ್ ಮಾಡಿದ.

"ಜಗದೇವಪ್ಪನ ಮಗ ನನ್ನ ತಾಟನ್ಯಾಗ ಉಂಡನಲೇ ಪರ್ವೇಜ್."

ಅಷ್ಟು ಹೇಳಿ ಫೋನಿಟ್ಟ. ಮಾತು ನಿಲ್ಲಿಸುವ ಪೈಕಿ ಅಲ್ಲ ಅವನು.

ಎರಡು ತಿಂಗಳಾದ ಮೇಲೆ ವಿವೇಕಾನಂದ ತನ್ನ ಕೊರೊಲಾ ಮಾರುತ್ತೇನೆಂದ. ಹಳೆಯ ಕಾರು ಮಾರುವ ಅಂಗಡಿಯವರಿಗಿಂತ ಕಡಿಮೆಗೆ ಕೊಟ್ಟ. ದಿಲೀಪ ಪೂರಾ ಹಣ ಒಂದೇ ಸಲ ಕೈಗಿಟ್ಟ, ಕೀಲಿ ತೆಗೆದುಕೊಂಡ. ಅಂದು ಸಂಜೆ ಅವನು ವಿಡಿಯೊ ಕರೆ ಮಾಡಿ ಕಾರಿನ ಸುತ್ತ ಮೂರು ಸಲ ನಡೆದ. ಭಾನುವಾರದ ಸಂತೆ ಮುಗಿಸಿ ನಾನು ಅವರ ಮನೆಯಲ್ಲಿದ್ದೆ.

"ಸ್ಟೀರಿಂಗ್ ಯಾಕ್ರೀ ಆ ಕಡೀಗದ?" ಸುಜಾತಾ ಕೇಳಿದಳು.

"ಇಲ್ಲಿ ಹಂಗೇ. ಇಡೀ ದೇಶಾನೇ ಬಲಕ್ಕ ಓಡ್ತದ."

"ಹಂಗಂದ್ರ ನಾ ಡ್ರೈವರ್ ಸೀಟನ್ಯಾಗ ಕುಂತಂಗ ಆಗ್ತದಲ್ರೀ."

"ಕುಂದರು. ಯಾರ್ ಬ್ಯಾಡಂತಾರ? ನಾ ಹಿಂದ ಮಾಲಕನಂಗ ಕುಂದರ್ತೀನಿ."

ಪಂಚಶೀಲಾ ಹಾರ್ನ್ ಹೊಡೆಯಲು ಹೇಳಿದಳು. ಅಲ್ಲಿ ಸುಮ್ಮಸುಮ್ಮನೆ ಹಾರ್ನ್ ಹೊಡೆದರೆ ತಪ್ಪು ಎಂದು ಅವನು ಬಾಯಿಂದಲೇ "ಪೀಂ" ಎಂದ. ದೇವಿಂದ್ರಪ್ಪ ಹೊರಸಿನ ಮೇಲಿಂದ ಎದ್ದು ಬಂದು ಫೋನನ್ನು ಕಣ್ಣ ಹತ್ತಿರ ಹಿಡಿದು, "ಗೌಡ್ರ ಗಾಡಿ ಇದು?" ಎಂದ.

"ನಂದು ಯಪ್ಪಾ," ಎಂದ ದಿಲೀಪ. "ಈಗ ನಂದು."

ಆದರೆ ಕಾಗದದಲ್ಲಿ ಅವನದಾಗಿರಲಿಲ್ಲ. ಆ ದೇಶದಲ್ಲಿ ಕಾರಿನ ಒಡೆತನಕ್ಕೆ ಒಂದು ಕಾರ್ಡು ಇರುತ್ತದೆ. ಮಾರಿದವರು, ಕೊಂಡವರು ಇಬ್ಬರೂ ಕಚೇರಿಗೆ ಹೋಗಿ ಅದರ ಮೇಲಿನ ಹೆಸರು ಬದಲಾಯಿಸಬೇಕು. ಅಲ್ಲಿಯವರು ಕೀಲಿ ಕೈಗೆ ಬರುವ ಮೊದಲು ಅದನ್ನು ಮಾಡಿಸುತ್ತಾರೆ. ವಿವೇಕಾನಂದ, "ಇಬ್ಬರಿಗೂ ರಜಾ ಸಿಕ್ಕ ದಿನ ಹೋಗೋಣ ಅಣ್ಣಾ, ಎಲ್ಲಿಗೆ ಹೋಗ್ತದ," ಎಂದಿದ್ದ. ವಾರವಾಯಿತು, ತಿಂಗಳಾಯಿತು. ದಿಲೀಪ ನನ್ನನ್ನು ಕೇಳಿದ.

"ಹೆಸರ್ ಯಾವಾಗ ಮಾಡಸ್ತಿ ಅಂತ ಕೇಳ್ಲೇನಲೇ ಅವ್ನಿಗಿ?"

ನಾನು ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ.

"ಈಗೇ ಬ್ಯಾಡೋ. ಸಂಶಯ ಮಾಡ್ದಂಗ ಆಗ್ತದ. ಗಾಡಿ ಕೊಟ್ಟಾನ, ಕೀಲಿ ಕೊಟ್ಟಾನ, ಮತ್ತೇನು? ನನ್ನ ಸ್ಕೂಟರ್ ನೋಡು, ಏಳು ವರ್ಷಾತು, ಇನ್ನಾ ಶಹಾಬಾದಿನ ಯಾವನೋ ಪುಣ್ಯಾತ್ಮನ ಹೆಸರಲೆ ಅದ. ಅವನ ಮಾರಿ ಸುದ್ದಾ ನಾ ನೋಡಿಲ್ಲ."

ಇದು ಸುಳ್ಳಲ್ಲ. ನಮ್ಮ ಕಡೆ ಹಳೆಯ ಗಾಡಿ ಕೊಂಡರೆ ಮಾರಿದವನು ಖಾಲಿ ಫಾರ್ಮುಗಳಿಗೆ ಸಹಿ ಹಾಕಿ ಕೊಡುತ್ತಾನೆ. ನಾವು ಅದನ್ನು ಟ್ರಂಕಿನಲ್ಲಿಟ್ಟು ಗಾಡಿ ಓಡಿಸುತ್ತೇವೆ. ಗುರುತಿನವನ ಹತ್ತಿರ ಕೊಂಡರೆ ಆ ಫಾರ್ಮೂ ಇಲ್ಲ. ಹೆಸರು ಬದಲಾಯಿಸು ಎಂದು ಅವಸರ ಮಾಡುವವನನ್ನು ಜನ ಮತ್ತೆ ಚಹಾಕ್ಕೆ ಕರೆಯುವುದಿಲ್ಲ.

"ನಾನೂ ಅದೇ ಅನ್ಕೊಂಡೆ," ಎಂದ ದಿಲೀಪ. "ಕೇಳಿದ್ರ ಏನಂತಾನ? ಇವ್ರಿಗಿ ಎಷ್ಟು ಹಚಗೊಂಡ್ರೂ ನಂಬಿಕಿ ಇಲ್ಲ ನೋಡು ಅಂತಾನ. ಬ್ಯಾಡ ಬಿಡು."

ಅವನು ಕೇಳಲಿಲ್ಲ. ಬೇರೆ ಯಾರ ಹತ್ತಿರ ಕೊಂಡಿದ್ದರೂ ಮರುದಿನವೇ ಕೇಳುತ್ತಿದ್ದ. ಫ್ರಿಜ್ ರಿಪೇರಿಗೆ ಬಂದವರಿಗೆ ಚೀಟಿ ಬರೆದುಕೊಡದೆ ಒಂದು ಸ್ಕ್ರೂ ಬಿಚ್ಚದವನು ಅವನು. ಜಗದೇವಪ್ಪನವರ ಮಗನಾದ್ದರಿಂದ ಕೇಳಲಿಲ್ಲ. ತನ್ನನ್ನು ಅಣ್ಣಾ ಎಂದವನ ಎದುರು ಕಾಗದ ತೋರಿಸು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ದಿಲೀಪ ಸೂಪರ್‌ವೈಸರ್ ಆದ. ಐದು ತಿಂಗಳು ಆ ಕಾರಿನಲ್ಲಿ ಓಡಾಡಿದ. ಎರಡು ಕೋಣೆಯ ಬಾಡಿಗೆ ಮನೆ ನೋಡಿದ. ಕುಟುಂಬದ ವೀಸಾಕ್ಕೆ ಅರ್ಜಿ ಹಾಕಿದ. ಇಲ್ಲಿ ಸುಜಾತಾ ಪಾಸ್‌ಪೋರ್ಟ್ ಮಾಡಿಸಿದಳು, ಮಾರ್ಚ್ ತಿಂಗಳಲ್ಲಿ ಹೊರಡುತ್ತೇವೆಂದು ಪಂಚಶೀಲಾಳ ಟಿಸಿಯನ್ನೂ ಶಾಲೆಯಿಂದ ತೆಗೆಸಿದಳು. ಮುಖ್ಯಗುರುಗಳು, "ವೀಸಾ ಕೈಗೆ ಬರಲಿ ತಡೀರಿ ಬಾಯಾರ," ಎಂದರಂತೆ. ಅವಳು ತಡೆಯಲಿಲ್ಲ. ತಡೆದು ತಡೆದು ಅವಳಿಗೆ ಸಾಕಾಗಿತ್ತು.

ಜನವರಿಯಲ್ಲಿ ವಿವೇಕಾನಂದ ಒಂದು ತಿಂಗಳ ರಜೆಗೆಂದು ಊರಿಗೆ ಬಂದ. ರಜೆ ಮುಗಿಸಿ ವಾಪಸು ಬಂದಮೇಲೆ ಹೆಸರು ಮಾಡಿಸೋಣ ಎಂದು ದಿಲೀಪನಿಗೆ ಹೇಳಿ ಬಂದಿದ್ದ. ಇಲ್ಲಿ ಅವನ ಮದುವೆ ಗೊತ್ತಾಯಿತು, ಕಲಬುರಗಿಯಲ್ಲಿ ಮಾವನವರ ಗೊಬ್ಬರದ ಅಂಗಡಿ ನೋಡಿಕೊಳ್ಳುವುದೆಂದಾಯಿತು. ಅವನು ತಿರುಗಿ ಹೋಗಲಿಲ್ಲ.

ಫೆಬ್ರುವರಿ ಕೊನೆಗೆ ಕಾರಿನ ಕಾರ್ಡಿನ ಅವಧಿ, ಅದರ ಜೊತೆಗೆ ವಿಮೆ, ಎರಡೂ ಮುಗಿದವು. ಮಾಲಕನಿಲ್ಲದೆ ನವೀಕರಣ ಇಲ್ಲ. ಮಾಲಕ ದೇಶದಲ್ಲೇ ಇಲ್ಲ. ಒಂದೇ ದಾರಿಯೆಂದರೆ ವಿವೇಕಾನಂದ ಇಲ್ಲಿ ಒಂದು ಅಧಿಕಾರಪತ್ರ ಮಾಡಿಸಿ, ಮುದ್ರೆ ಹಾಕಿಸಿ ಕಳಿಸಬೇಕು. ದಿಲೀಪ ಈಗ ಬಾಯಿಬಿಟ್ಟು ಕೇಳಿದ. "ಹಾಂ ಅಣ್ಣಾ, ಸೋಮವಾರ ಮಾಡಸ್ತೀನಿ" ಎಂಬ ಉತ್ತರ ಬಂತು. ನಾಲ್ಕು ಸೋಮವಾರ ಹೋದವು. ಆಮೇಲೆ ಫೋನು ಎತ್ತುವುದೂ ಕಡಿಮೆಯಾಯಿತು.

ದಿಲೀಪ ನನಗೆ, "ನೀ ಒಂದ್ಸಲ ಮಹಾಗಾಂವಕ್ಕ ಹೋಗಿ ಬಾ. ಜಗಳ ಮಾಡಬ್ಯಾಡ," ಎಂದ. ನಾನು ಹೋದೆ. ವಿವೇಕಾನಂದ ಇರಲಿಲ್ಲ. ಜಗದೇವಪ್ಪನವರು ಪಡಸಾಲೆಯಲ್ಲಿ ತೊಗರಿಯ ಚೀಲಗಳ ಪಕ್ಕ ಕೂತಿದ್ದರು. ನನ್ನನ್ನು ಕೂರಿಸಿ ಚಹಾ ತರಿಸಿದರು. ನಾನು ವಿಷಯ ಹೇಳಿದೆ.

"ದೇವಿಂದ್ರ್ಯಾನ ಮಗ ನಮ್ಮ ಹುಡುಗನ ಕಾರ್ ತಗೊಂಡಾನ?" ಅವರು ಹುಬ್ಬೇರಿಸಿ ನಕ್ಕರು. ಆ ನಗೆಯಲ್ಲಿ ಸಿಟ್ಟಿರಲಿಲ್ಲ, ಖರೆ ಖರೆ ಮೋಜಿತ್ತು. "ಅವರಪ್ಪ ನನ್ನ ಸೈಕಲ್ ಒರಸ್ತಿದ್ದ ನೋಡ್ರಿ ಮಾಸ್ತರ. ಕಾಲ ಹೆಂಗದ!"

"ಒಂದು ಸಹಿ ಅಷ್ಟೇ ರೀ. ಅಲ್ಲಿ ಅವನ ಕೆಲಸಾನೇ ಅದರ ಮ್ಯಾಲ ನಿಂತದ. ಹೆಂಡ್ತಿ, ಮಗಳು ಹೋಗೋದು ಅದರ ಮ್ಯಾಲೇ ಅದ."

"ಮಾಡ್ತಾನ ತಗೋರಿ. ಲಗ್ನದ ಗಡಬಡದಾಗ ಅದಾನ. ನಮ್ಮ ಹುಡುಗ ಯಾರದೂ ತಿನ್ನಾಂವಲ್ಲ. ಆದ್ರ ಅವನಿಗರೆ ಎದಕ ಬೇಕಾಗಿತ್ರಿ ಕಾರು? ದುಡ್ಯಾಕ ಹೋದಾಂವ ದುಡೀಬೇಕು."

ನಾನು ಚಹಾ ಮುಗಿಸಿ ಬಂದೆ. ದಿಲೀಪನಿಗೆ ಈ ಮಾತುಗಳನ್ನು ಹೇಳಲಿಲ್ಲ. "ಮಾಡಸ್ತಾರಂತ," ಎಂದಷ್ಟೇ ಹೇಳಿದೆ.

ಅವಧಿ ಮುಗಿದ ಕಾರನ್ನು ಅವನು ಹೆದರುತ್ತ ಹೆದರುತ್ತ ಇನ್ನೂ ಕೆಲವು ವಾರ ಓಡಿಸಿದ. ಓಡಿಸದಿದ್ದರೆ ಕೆಲಸ ಇಲ್ಲ. ಏಪ್ರಿಲ್ ಹನ್ನೊಂದಕ್ಕೆ ದೊಡ್ಡ ರಸ್ತೆಯಲ್ಲಿ ಪೊಲೀಸರು ತಪಾಸಣೆಗೆ ನಿಲ್ಲಿಸಿದರು. ಕಾರ್ಡಿನಲ್ಲಿ ಬೇರೆಯವರ ಹೆಸರು, ಅವಧಿ ಮುಗಿದಿದೆ, ವಿಮೆ ಇಲ್ಲ, ಮಾಲಕ ದೇಶದಲ್ಲಿಲ್ಲ. ನಾನೇ ಕೊಂಡಿದ್ದೇನೆ ಎಂದ. ಕಾಗದ ಕೊಡು ಎಂದರು. ಊರಿನವನು, ನಂಬಿಕೆಯ ಮೇಲೆ ಕೊಂಡೆ ಎಂದು ಅವನು ತನ್ನ ಅರ್ಧಂಬರ್ಧ ಅರಬ್ಬಿಯಲ್ಲಿ ಹೇಳಿದನಂತೆ. ಒಬ್ಬ ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀನು ಮಗುವಾ?" ಎಂದು ಕೇಳಿದನಂತೆ. ಕಾರು ಬಯಲಿಗೆ ಹೋಯಿತು. ದಿಲೀಪ ಏಳು ಕಿಲೋಮೀಟರ್ ನಡೆದು ಕೋಣೆಗೆ ಬಂದ.

ಕಂಪನಿ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ನಿಯಮದಂತೆ ನಡೆದುಕೊಂಡಿತು. ಕಾರಿಲ್ಲದವನು ಸೂಪರ್‌ವೈಸರ್ ಆಗಿರಲಾರ. ಮೇ ಒಂದರಿಂದ ಅವನು ಮತ್ತೆ ಟೆಕ್ನಿಷಿಯನ್, ಮತ್ತೆ ಐದು ಗಂಟೆಯ ಬಸ್ಸು, ಮತ್ತೆ ಮಾಳಿಗೆ. ಸಂಬಳ ಇಳಿದದ್ದರಿಂದ ಕುಟುಂಬದ ವೀಸಾದ ಅರ್ಜಿ ವಾಪಸಾಯಿತು. ಎಂಟು ತಿಂಗಳು ನೆರಳಲ್ಲಿದ್ದ ಮೈ, ವಯಸ್ಸು ನಲವತ್ತರ ಹತ್ತಿರ. ಆ ಊರಿನಲ್ಲಿ ಜೂನ್ ಒಂದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸಬಾರದೆಂಬ ಕಾನೂನಿದೆ. ಅವನು ಬಿದ್ದದ್ದು ಅದಕ್ಕೆ ಐದು ದಿನ ಮೊದಲು, ಮಧ್ಯಾಹ್ನ ಒಂದೂವರೆಗೆ.

ಬೀಳುವ ಮೂರು ದಿನ ಮೊದಲು ನನ್ನೊಡನೆ ಮಾತಾಡಿದ್ದ. "ವಿವೇಕಾನಂದನ ಲಗ್ನಕ್ಕ ಹೋಗಿದ್ದೇನಲೇ?" ಎಂದು ಕೇಳಿದ. ಇಲ್ಲ ಎಂದೆ.

"ಹೋಗಬೇಕಿತ್ತು. ಮದಲನೇ ಪಂಕ್ತಿಗೆ ಕುಂತು ನನ್ನ ಪಾಲಿಂದೂ ಉಂಡು ಬರಬೇಕಿತ್ತು. ಕಾರ್ ಅಂತೂ ಹೋತು, ಹೋಳಿಗೆರೆ ಬರ್ತಿತ್ತು," ಎಂದ. ಅದು ಅವನ ಕೊನೆಯ ನಗೆಚಾಟಿಕೆ. ನಾನು ನಗಲಿಲ್ಲವೆಂದು ಬೈದು ಫೋನಿಟ್ಟ.

ಹನ್ನೊಂದು ದಿನಕ್ಕೆ ಹೈದರಾಬಾದಿನ ಮೇಲೆ ಪೆಟ್ಟಿಗೆ ಬಂತು. ಬೌದ್ಧರ ಪಂಚಶೀಲ ಹೇಳಿ ಮಣ್ಣು ಮಾಡಿದರು. ಹುಡುಗಿಗೆ ಅದೇ ಹೆಸರು. ತನ್ನ ಹೆಸರನ್ನು ಅಷ್ಟು ಜನ ಒಟ್ಟಿಗೆ ಹೇಳುವುದನ್ನು ಕೇಳಿ ಅವಳು ಎಲ್ಲರ ಮುಖ ನೋಡುತ್ತಿದ್ದಳು.

ಜುಲೈ ತಿಂಗಳ ಒಂದು ಭಾನುವಾರ, ಅವಳನ್ನು ಹಳೆಯ ಶಾಲೆಗೇ ಮತ್ತೆ ಸೇರಿಸುವ ಕಾಗದಗಳಿಗಾಗಿ ನಾನು ಕಮಲಾಪುರಕ್ಕೆ ಹೋಗಿದ್ದೆ. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಒಂದು ಹೊಸ ಕಾರು ನಿಂತು ವಿವೇಕಾನಂದ ಇಳಿದ. ದೇವಿಂದ್ರಪ್ಪ ಹೊರಸಿನಿಂದ ಗಡಬಡಿಸಿ ಎದ್ದು, "ಬರ್ರಿ ಗೌಡ್ರ, ಬರ್ರಿ," ಎಂದ.

"ಕುಂದರ್ರಿ ಮಾವಾ. ನೀವ್ಯಾಕ ಎದ್ರಿ?" ಎಂದಳು ಸುಜಾತಾ.

ವಿವೇಕಾನಂದ ಕೂತ. ಕಣ್ಣೀರು ಹಾಕಿದ. ಅದು ನಾಟಕ ಎಂದು ನಾನು ಹೇಳಲಾರೆ. "ಅಣ್ಣ ನನಗ ಅಲ್ಲಿ ರೊಟ್ಟಿ ಮಾಡಿ ಹಾಕ್ಯಾನ್ರೀ ವೈನಿ," ಎಂದ. ನೀರು ಕೊಟ್ಟದ್ದನ್ನು ಕುಡಿದ. ಆಮೇಲೆ ಕೈಯಲ್ಲಿದ್ದ ಕವರಿನಿಂದ ಒಂದು ಛಾಪಾ ಕಾಗದ ತೆಗೆದ. ಗೊಬ್ಬರದ ಅಂಗಡಿ ಅವನಿಗೆ ಸರಿಹೋಗಿರಲಿಲ್ಲ. ಸೊಹಾರಿನಲ್ಲೇ ಮತ್ತೆ ಕೆಲಸ ಸಿಕ್ಕಿತ್ತು. ಆದರೆ ಅವನ ಹೆಸರಿನಲ್ಲಿ ಅಲ್ಲಿ ಜಪ್ತಿಯಾದ ಒಂದು ಕಾರಿದೆ, ಅದರ ಮೇಲೆ ದಂಡಗಳಿವೆ. ಅದು ತೀರದೆ ವೀಸಾ ಆಗುವುದಿಲ್ಲ.

"ಒಂದು ಸಹಿ ಅಷ್ಟೇ ರೀ ವೈನಿ," ಎಂದ.

ಸುಜಾತಾ ಪಿಯುಸಿ ಓದಿದವಳು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಪೂರಾ ಓದಿದಳು. ಅವಳ ಹೆಸರಿನಲ್ಲಿ ಬರೆದ ಹೇಳಿಕೆ ಅದು. ನನ್ನ ಪತಿ ದಿವಂಗತ ದಿಲೀಪ ಇವರು ಶ್ರೀ ವಿವೇಕಾನಂದ ಇವರ ಒಡೆತನದ ಕಾರನ್ನು, ಶ್ರೀಯುತರ ಗೈರುಹಾಜರಿಯಲ್ಲಿ ಬಳಸುತ್ತಿದ್ದರು, ಆ ಅವಧಿಯ ಎಲ್ಲ ತಪ್ಪುಗಳಿಗೆ ಅವರೇ ಹೊಣೆಗಾರರು ಎಂದಿತ್ತು.

"ಇದರಾಗ ಕೊಂಡಾರ ಅಂತ ಎಲ್ಲದರೀ?"

ವಿವೇಕಾನಂದ ನನ್ನ ಕಡೆ ನೋಡಿದ. "ವೈನಿ, ಮಾರೀನಿ ಅಂತ ಬರದ್ರ, ಹೆಸರ್ ಯಾಕ ಬದಲಿ ಮಾಡ್ಲಿಲ್ಲ ಅಂತ ನನ್ನೇ ಹಿಡೀತಾರ. ವಕೀಲರು ಹಿಂಗೇ ಬರೀಬೇಕಂದಾರ್ರಿ."

"ಹಂಗಾರ ನಮ್ಮವರು ನಿಮ್ಮ ಗಾಡಿ ನೀವು ಇಲ್ಲದಾಗ ಹೊಡಕೊಂಡು ತಿರಗ್ಯಾರ."

"ಹಂಗಲ್ರೀ. ಬಳಸಿದ್ರು ಅಂತ ಅಷ್ಟೇ ಅದ. ಕಾಗದದ ಮಾತು ಅದು. ನಮಗ ನಿಮಗ ಖರೇ ಏನಂತ ಗೊತ್ತದಲ್ಲ."

"ಖರೇ ಏನದ, ನೀವೇ ಹೇಳ್ರಿ."

"ಅಣ್ಣ ಕೊಂಡಾನ. ಪೂರಾ ಕೊಟ್ಟಾನ. ನಾ ಇಲ್ಲ ಅಂತೀನೇನು?"

"ಹಂಗೇ ಬರಕೊಂಡು ಬರ್ರಿ. ಈಗಿಂದೀಗ ಸಹಿ ಮಾಡ್ತೀನಿ. ದಂಡಾನೂ ನಮ್ದೇ ಅಂತ ಬರೀರಿ ಬೇಕಂದ್ರ. ಗಾಡಿ ನಮ್ಮದಾದ್ರ ದಂಡಾನೂ ನಮ್ಮದೇ."

ಅವನು ತಲೆ ಬಗ್ಗಿಸಿ ಕೂತ. ಆಮೇಲೆ ಮೆಲ್ಲಗೆ, ಯಾರನ್ನೂ ಬೈಯದ ದನಿಯಲ್ಲಿ, "ಅಣ್ಣ ಆವಾಗೇ ಒಂದ್ ಮಾತ ಕೇಳಿದ್ರ ಮರುದಿನಾನೇ ಮಾಡ್ಸಿ ಕೊಡ್ತಿದ್ದೆ ರೀ. ಐದು ತಿಂಗಳು ನಾ ಅಲ್ಲೇ ಇದ್ದೆ. ಒಂದು ದಿನಾನೂ ಬಾಯಿಬಿಟ್ಟು ಕೇಳ್ಲಿಲ್ಲ," ಎಂದ.

ಅದು ನಿಜ. ಅವನ ಕೊರಳಪಟ್ಟಿ ಹಿಡಿಯಲೆಂದು ಕಾದು ಕೂತಿದ್ದ ನಾನು ಆ ಮಾತು ಕೇಳಿ ಕೂತಲ್ಲೇ ಉಳಿದೆ. ಕೇಳಬೇಡ ಎಂದು ಹೇಳಿದವನು ನಾನೇ.

ದೇವಿಂದ್ರಪ್ಪ ಸೊಸೆಗೆ, "ಮಾಡಿ ಕೊಡವ್ವಾ. ಗೌಡ್ರು ಮನೀತನಕ ಬಂದಾರ. ಸತ್ತಾಂವಗ ಇನ್ನ ಕಾರ್ ಯಾತಕ?" ಎಂದ.

"ಸತ್ತವರಿಗೇನೂ ಬ್ಯಾಡ ಮಾವಾ," ಎಂದಳು ಸುಜಾತಾ. ಪಂಚಶೀಲಾ ಒಳಗೆ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. "ಆಕಿ ದೊಡ್ಡಾಕಿ ಆಗ್ತಾಳ. ನಿಮ್ಮಪ್ಪ ಮಂದಿ ಗಾಡಿ ಓಡಿಸಿ ಸಿಕ್ಕಬಿದ್ದ ಅಂತ ಆಕೀಗೆ ಯಾರೂ ಅನ್ನಬಾರದು. ಅದರ ಕೆಳಗ ನನ್ನ ಸಹಿ ಇರಬಾರದು."

ವಿವೇಕಾನಂದ ಕಾಗದ ಮಡಚಿ ಕವರಿಗೆ ಹಾಕಿಕೊಂಡ. ವಕೀಲರನ್ನು ಕೇಳಿ ಬರುತ್ತೇನೆಂದು ಎದ್ದ. ದೇವಿಂದ್ರಪ್ಪ ಕಾರಿನ ತನಕ ಹೋಗಿ, ಅದು ತಿರುವು ದಾಟುವ ತನಕ ನಿಂತು ಬಂದ. ಆ ದಿನ ಸೊಸೆಯೊಡನೆ ಮಾತಾಡಲಿಲ್ಲ.

ನನಗೆ ಒಳಗೆ ಇಟ್ಟುಕೊಳ್ಳಲಾಗಲಿಲ್ಲ. ಹೊರಡುವ ಮೊದಲು ಸುಜಾತಾಗೆ ಹೇಳಿದೆ. ಅವನು ನನ್ನನ್ನು ಕೇಳಿದ್ದ, ನಾನೇ ಬೇಡ ಎಂದಿದ್ದೆ ಎಂದು.

"ಗೊತ್ತದ ಅಣ್ಣಾ. ಅವರು ಹೇಳಿದ್ರು," ಎಂದಳು. "ಆಮ್ಯಾಲ ನನ್ನೂ ಕೇಳಿದ್ರು. ನಾನೂ ಅದೇ ಅಂದೆ. ದೊಡ್ಡ ಮನಿ ಮಂದಿ ಬಾಯಿಲೆ ಅಣ್ಣಾ ಅಂದಾರ, ಅದನ್ನ ಕೆಡಸ್ಕೋಬ್ಯಾಡ್ರಿ ಅಂದೆ."

ಎಂಟು ವಾರವಾಯಿತು. ವಿವೇಕಾನಂದ ತಿದ್ದಿದ ಕಾಗದ ತಂದಿಲ್ಲ. ಬೇರೆ ದೇಶದ ವೀಸಾಕ್ಕೆ ಓಡಾಡುತ್ತಿದ್ದಾನೆಂದು ಸುದ್ದಿ. ಹೋದ ಭಾನುವಾರ ನಾನು ಸುಜಾತಾಗೆ, ಈ ಕಾರು ದಿಲೀಪನದು, ಅವನು ಅದನ್ನು ದುಡಿದು ಕೊಂಡಿದ್ದ, ಇದನ್ನು ನಾನು ಬರೆಯುತ್ತೇನೆ, ಜನ ಓದಲಿ ಎಂದೆ.

ಅವಳು ಪಂಚಶೀಲಾಳ ಜಡೆ ಹೆಣೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಬರೀರಿ ಅಣ್ಣಾ," ಎಂದಳು. "ಆದ್ರ ನೀವು ಬರದ್ರ ಏನಾಗ್ತದ? ಮಾರಿದವರು ಬರೀಬೇಕು."